ಮೇಷ್ಟ್ರ ಹೆಗಲಪಟ್ಟಿ

ಲಾಯದ ಹೆಬ್ಬಾಗಿಲಿನ ನೆತ್ತಿಯ ಮೇಲೆ ಒಂದು ಹಲಗೆ ತೂಗುತ್ತಿತ್ತು. ಅದರ ಮೇಲೆ ಕುದುರೆ ಮೇಷ್ಟ್ರು ತಮ್ಮ ಕೈಯಾರೆ ಬಿಳಿ ಬಣ್ಣದಲ್ಲಿ ಬರೆದಿದ್ದರು: 'ಇಲ್ಲಿ ಪಳಗಿದ ಕುದುರೆ ಯಾರು ಹತ್ತಿದರೂ ನಡೆಯುತ್ತದೆ, ಯಾರು ಹೇಳಿದರೂ ನಿಲ್ಲುತ್ತದೆ.' ಬರೆದು ಇಪ್ಪತ್ತೆರಡು ವರ್ಷವಾಗಿತ್ತು. ಬಣ್ಣ ಮಾಸಿದಾಗಲೆಲ್ಲ ಏಣಿ ಹತ್ತಿ ಅಕ್ಷರ ತಿದ್ದುತ್ತಿದ್ದರು. ಮನೆಯ ಗೋಡೆಗೆ ಸುಣ್ಣ ಬಳಿಯಿರಿ ಎಂದು ಹೆಂಡತಿ ಮೂರು ವರ್ಷದಿಂದ ಹೇಳುತ್ತಲೇ ಇದ್ದಳು. ಅದಕ್ಕೆ ಮಾತ್ರ ಏಣಿ ಸಿಗುತ್ತಿರಲಿಲ್ಲ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ದನ ಮೇಯಿಸುವವರಿಗೆ, ಕುರಿ ಸಾಕುವವರಿಗೆ ಕುದುರೆ ಪಳಗಿಸಿ ಕೊಡುವುದು ಅವರ ಕಸುಬು. ಆದರೆ ಶಾಲೆಯ ಮೇಷ್ಟ್ರಿಗಿಂತ ಹೆಚ್ಚು ಪಾಠ ಹೇಳುತ್ತಿದ್ದರು. ಕುದುರೆ ಕೊಳ್ಳಲು ಬಂದವರು ಮೊದಲು ಬೇಲಿಯ ಹೊರಗೆ ನಿಂತು ಅರ್ಧ ಗಂಟೆ ಕೇಳಬೇಕು, ಆಮೇಲೆ ಕುದುರೆ ನೋಡಬೇಕು.

"ಕುದುರೆ ಕಲಿಯೋದು ಎಳೆದಾಗ ಅಲ್ಲ, ಬಿಟ್ಟಾಗ. ಹಿಂದೆ ಸರಿ ಅಂತ ಹಗ್ಗ ಒತ್ತಿದ್ರಿ, ಅದು ಒಂದು ಗೊರಸು ಹಿಂದಿಟ್ಟಿತು. ತಕ್ಷಣ ಬಿಡಬೇಕು. ಬಿಟ್ಟಿದ್ದೇ ಅದಕ್ಕೆ ಬಹುಮಾನ. ಒಂದು ಕ್ಷಣ ತಡವಾಯ್ತೋ, ನೀವು ಕಲಿಸಬೇಕು ಅಂದ್ಕೊಂಡಿದ್ದು ಒಂದು, ಅದು ಕಲಿತಿದ್ದು ಇನ್ನೊಂದು."

ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಬೇಲಿಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಹೆಂಡತಿಯ ತುಟಿಗಳು ತಾವಾಗಿಯೇ ಜೊತೆಗೆ ಆಡುತ್ತಿದ್ದವು.

ಆದರೆ ಅವರ ನಿಜವಾದ ಹೆಮ್ಮೆಯೆಂದರೆ ನಿಲ್ಲಿಸುವುದು. ಓಡಿಸುವುದಕ್ಕೆ ಯಾರು ಬೇಕಾದರೂ ಸಾಕು, ನಿಲ್ಲಿಸುವುದಕ್ಕೆ ಮೇಷ್ಟ್ರೇ ಬೇಕು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಎಡಗೈಯ ಎರಡು ಬೆರಳಲ್ಲಿ ಲಗಾಮನ್ನು ಸಡಿಲವಾಗಿ ಹಿಡಿದು, ಧೂಳೆಬ್ಬಿಸುತ್ತ ಓಡಿಸಿಕೊಂಡು ಬಂದು, 'ಹಾ' ಎಂದು ಉಸಿರು ಬಿಟ್ಟು ಜೀನಿನಲ್ಲಿ ಭಾರವಾಗಿ ಕೂತರೆ ಸಾಕು, ಕುದುರೆ ಹಿಂಗಾಲನ್ನು ಹೊಟ್ಟೆಯಡಿ ಎಳೆದುಕೊಂಡು ಎರಡೇ ಹೆಜ್ಜೆಗೆ ನಿಲ್ಲುತ್ತಿತ್ತು. ಲಗಾಮು ಅಲುಗುತ್ತಿರಲಿಲ್ಲ. ನೋಡುವವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮನೆಗೆ ಕೊಂಡೊಯ್ದ ಮೇಲೆ ಕೆಲವರು ವಾಪಸು ಬಂದು, "ಮೇಷ್ಟ್ರೇ, ನಮ್ಮ ಕೈಲಿ ನಿಲ್ತಾ ಇಲ್ಲ" ಎನ್ನುತ್ತಿದ್ದದ್ದೂ ಉಂಟು. ಅಂಥವರಿಗೆ ಮಂಗಳಾರತಿ ಖಾತ್ರಿ. ಒಬ್ಬ ಹಾಲಿನ ವ್ಯಾಪಾರಿಯನ್ನಂತೂ ಮರದ ಸ್ಟೂಲಿನ ಮೇಲೆ ಎರಡು ಗಂಟೆ ಕೂರಿಸಿ, "ಮೊದಲು ಭಾರವಾಗಿ ಕೂರೋದು ಕಲಿ" ಎಂದು ಉಗಿದು ಕಳಿಸಿದ್ದರು.

ಈಗ ಲಾಯದಲ್ಲಿದ್ದವನು ದೊರೆ. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಮಚ್ಚೆ, ತನಗೆ ಯಾರೂ ಆತುರ ಮಾಡಬಾರದೆಂಬ ಮುಖಭಾವ. ಹದಿನಾಲ್ಕು ತಿಂಗಳಿಂದ ಮೇಷ್ಟ್ರು ಇವನನ್ನು ಪಳಗಿಸುತ್ತಿದ್ದದ್ದು ಬೇರೆ ಯಾರಿಗೂ ಅಲ್ಲ, ಅಕ್ಕನಿಗಾಗಿ.

ಅಕ್ಕ ಮೇಷ್ಟ್ರಿಗಿಂತ ಒಂಬತ್ತು ವರ್ಷ ದೊಡ್ಡವಳು. ನಲವತ್ತೆರಡು ಹಸುಗಳ ಒಡತಿ. ಅವಳ ಹುಲ್ಲುಗಾವಲು ಇರುವುದು ಕಲ್ಲು ತುಂಬಿದ ಒಂದು ಹಳ್ಳದ ಆಚೆ, ಚಕ್ರ ಇರುವ ಯಾವುದೂ ಹತ್ತಲಾರದ ಇಳಿಜಾರಿನಲ್ಲಿ. ಹಿಂದಿನ ವರ್ಷ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಹಾಳೆಗೆ ಬೆದರಿ ಅವಳ ಕುದುರೆ ಓಟ ಕಿತ್ತಿತು. ಎಷ್ಟು ಜಗ್ಗಿದರೂ ನಿಲ್ಲಲಿಲ್ಲ. ಅಕ್ಕ ಬಿದ್ದಳು. ಬಲಗಡೆ ಸೊಂಟ ಮುರಿದು, ಮೂರು ಸ್ಕ್ರೂ ಹಾಕಿದರು. ಈಗ ಕೋಲು ಊರಿಕೊಂಡು ಹಸುಗಳ ಹಿಂದೆ ನಡೆಯುತ್ತಾಳೆ, ಅರ್ಧ ಇಳಿಜಾರು ಹತ್ತುವಷ್ಟರಲ್ಲಿ ಹಸುಗಳು ಆಚೆ ಬದಿಗೆ ಇಳಿದಿರುತ್ತವೆ.

"ಒಂದು ಕುದುರೆ ಕೊಡೋ. ಚಂದ ಬೇಡ, ವೇಗ ಬೇಡ. ನಿಲ್ಲು ಅಂದ್ರೆ ನಿಲ್ಲೋದು ಸಾಕು. ಒಂದೇ ಒಂದು ಸಲ ಹತ್ತಿ ನೋಡ್ತೀನಿ. ಹೆದರಿಕೆ ಹೋಗಲಿಲ್ಲ ಅಂದ್ರೆ ಹಸುಗಳನ್ನೆಲ್ಲ ಕೊಟ್ಟುಬಿಟ್ಟು, ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ" ಎಂದು ಫೋನಿನಲ್ಲಿ ಹೇಳಿದ್ದಳು.

ಊಟವನ್ನೂ ನಿಂತುಕೊಂಡೇ ಮಾಡುವ ಅಕ್ಕನನ್ನು ಕುರ್ಚಿಯಲ್ಲಿ ಊಹಿಸಿಕೊಳ್ಳಲು ಮೇಷ್ಟ್ರಿಂದ ಆಗಲಿಲ್ಲ. ಅವರನ್ನು ಮೊದಲ ಸಲ ಕುದುರೆ ಹತ್ತಿಸಿದ್ದೇ ಅವಳು. ಐದು ವರ್ಷದ ತಮ್ಮನಿಗೆ ಅಪ್ಪನ ಹಳೆಯ ಪ್ಯಾಂಟನ್ನು ಕತ್ತರಿಸಿ ತೊಡಿಸಿ, ಸೊಂಟಕ್ಕೆ ದಾರ ಬಿಗಿದು, ಹಾಲಿನ ಗಾಡಿಯ ಮುದಿ ಕುದುರೆಯ ಮೇಲೆ ಕೂರಿಸಿ ತಾನು ಮುಂದೆ ಹಗ್ಗ ಹಿಡಿದು ನಡೆದವಳು. ಅಕ್ಕನಿಗಾಗಿ ಮೇಷ್ಟ್ರು ದೊರೆಯ ಮೈಮೇಲೆಲ್ಲ ಪ್ಲಾಸ್ಟಿಕ್ ಹಾಳೆ ಸವರಿದರು, ಕಿವಿಯ ಹತ್ತಿರ ಛತ್ರಿ ಬಿಚ್ಚಿದರು, ಡಬ್ಬ ಬಡಿದರು. ಮೆಟ್ಟಿಲುಕಲ್ಲಿನ ಪಕ್ಕ ನಿಂತರೆ ಹತ್ತುವವರು ಎಷ್ಟು ಹೊತ್ತು ತಿಣುಕಿದರೂ ಕದಲದಂತೆ ಕಲಿಸಿದರು. ಕೂತಲ್ಲಿಂದಲೇ ಗೇಟಿನ ಅಗುಳಿ ತೆಗೆಯುವಷ್ಟು ಹತ್ತಿರ ಪಕ್ಕಕ್ಕೆ ಸರಿಯುವುದನ್ನೂ ಕಲಿಸಿದರು. ನಿಲ್ಲುವುದನ್ನಂತೂ ಕೇಳಲೇಬೇಡಿ.

ಅಕ್ಕ ಬರಲು ಎಂಟು ದಿನ ಇತ್ತು. ಆಗ ಹೆಂಡತಿ ಹೆಗಲಪಟ್ಟಿ ತಂದಳು.

ಅದಕ್ಕೂ ಒಂದು ಕಾರಣವಿತ್ತು. ಮೇಷ್ಟ್ರದ್ದು ದೊಡ್ಡ ಹೊಟ್ಟೆ, ಇಲ್ಲದ ಸೊಂಟ. ಬೆಲ್ಟು ಬಿಗಿದರೆ ಊಟ ಇಳಿಯುವುದಿಲ್ಲ, ಸಡಿಲಿಸಿದರೆ ಪ್ಯಾಂಟು ನಿಲ್ಲುವುದಿಲ್ಲ. ಅವರು ಊಟ ಆರಿಸಿಕೊಂಡಿದ್ದರು. ಹಿಂದಿನ ದಿನ ದನಗಾರರ ಸಂಘದಲ್ಲಿ ಎದ್ದು ಭಾಷಣ ಮಾಡುವಾಗ ಎರಡೂ ಕೈಯೆತ್ತಿ ಏನನ್ನೋ ವಿವರಿಸಲು ಹೋಗಿ, ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಕಣ್ಣು ಮುಚ್ಚಿಕೊಳ್ಳುವಂತಾಯಿತು. ಮರುದಿನವೇ ಅವಳು ಅಂಗಡಿಯಿಂದ ಅಗಲವಾದ ಕೆಂಪು ಎಲಾಸ್ಟಿಕ್ ಪಟ್ಟಿಗಳನ್ನು ತಂದು, ಪ್ಯಾಂಟಿಗೆ ಆರು ಗುಂಡಿ ಹೊಲಿದು, ಹೆಗಲ ಮೇಲಿಂದ ಎಳೆದು ಸಿಕ್ಕಿಸಿದಳು.

"ಮೂಟೆ ಕಟ್ಟಿದ ಹಾಗಿದೆಯಲ್ಲೇ" ಎಂದರು ಮೇಷ್ಟ್ರು ಕನ್ನಡಿಯ ಮುಂದೆ.

"ಬಿಚ್ಚಿದ ಮೂಟೆಗಿಂತ ಕಟ್ಟಿದ್ದೇ ವಾಸಿ. ಅತ್ತಿಗೆ ಬರೋ ಹೊತ್ತಿಗಾದ್ರೂ ಮನುಷ್ಯರ ಹಾಗೆ ಕಾಣಿ."

ಆ ಬೆಳಗ್ಗೆಯೇ ದೊರೆ ನಿಲ್ಲಲಿಲ್ಲ.

ಕುದುರೆ ಪಳಗಿಸುವ ಗುಂಡನೆಯ ದೊಡ್ಡಿಯಲ್ಲಿ ಎರಡು ಸುತ್ತು ನಡೆಸಿ, ಮೂರನೆಯ ಸುತ್ತಿಗೆ ಮೇಷ್ಟ್ರು 'ಹಾ' ಎಂದು ಉಸಿರು ಬಿಟ್ಟು ಭಾರವಾಗಿ ಕೂತರು. ದೊರೆ ಒಂದು ಕಿವಿ ಹಿಂದಕ್ಕೆ ತಿರುಗಿಸಿದ, ಕೇಳಿಸಿಕೊಂಡ, ನಡೆಯುತ್ತಲೇ ಇದ್ದ. ಮತ್ತೆ 'ಹಾ'. ಮತ್ತೆ ಕಿವಿ. ಮತ್ತೆ ನಡಿಗೆ. ಆರನೆಯ 'ಹಾ'ಗೆ ಮೇಷ್ಟ್ರಿಗೇ ತಲೆ ತಿರುಗಿತು. ಕೊನೆಗೆ, ನೋಡುವವರು ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಲಗಾಮು ಎಳೆದರು. ನಿಲ್ಲುವುದಕ್ಕೂ ಲಗಾಮಿಗೂ ಸಂಬಂಧವಿದೆಯೆಂದು ದೊರೆಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ತಲೆ ಮೇಲೆತ್ತಿ, ಬಾಯಿ ಕಿಸಿದು, ಹನ್ನೆರಡು ಹೆಜ್ಜೆ ಹೋಗಿ, ಬೇಲಿ ಅಡ್ಡ ಬಂದದ್ದರಿಂದ ನಿಂತ.

"ಏನ್ರೀ ಅದು, 'ಹಾ ಹಾ' ಅಂತ? ಖಾರ ತಿಂದ್ರಾ?" ಎಂದು ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಕೂಗಿದಳು.

ಮಾರನೆಯ ದಿನ ಲಾಳ ಕಟ್ಟುವವನನ್ನು ಕರೆಸಿದರು. ಲೋಕದ ಕಷ್ಟಗಳೆಲ್ಲ ಗೊರಸಿನಿಂದಲೇ ಶುರುವಾಗುತ್ತವೆ ಎಂಬುದು ಆ ಮನುಷ್ಯನ ಗಟ್ಟಿ ನಂಬಿಕೆ. ದೊರೆಯ ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿ, "ಲಾಳ ಒಂದು ಎಳೆ ಉದ್ದ ಆಗಿದೆ ಮೇಷ್ಟ್ರೇ. ಜಾರುತ್ತೆ ಅಂತ ಪಾಪ ನಿಲ್ತಾ ಇಲ್ಲ" ಎಂದ. ಆ ಲಾಳ ಹೊಡೆದವನು ತಾನೇ ಎಂಬುದನ್ನು ಮಾತ್ರ ಎತ್ತಲಿಲ್ಲ. ನಾಲ್ಕೂ ಲಾಳ ಬದಲಾದವು. ದೊರೆ ಹೊಸ ಲಾಳದಲ್ಲಿ ಇನ್ನೂ ಚಂದವಾಗಿ ಟಕಟಕನೆ ನಡೆದ, ನಿಲ್ಲಲಿಲ್ಲ.

ಮೂರನೆಯ ದಿನ ದನದ ಡಾಕ್ಟರಮ್ಮ ಬಂದರು. ಹಲ್ಲು ನೋಡಿದರು, ಬೆನ್ನು ಒತ್ತಿದರು, ಕಣ್ಣಿಗೆ ಟಾರ್ಚು ಬಿಟ್ಟರು. ದೊರೆ ಆ ಟಾರ್ಚನ್ನು ನೆಕ್ಕಿದ.

"ಕುದುರೆ ಚೆನ್ನಾಗಿದೆ. ನಿಮ್ಮ ಬಿಪಿ ಒಂದು ಸಲ ನೋಡಿಸ್ಕೊಳ್ಳಿ" ಎಂದು ಹೇಳಿ ಚೀಲ ಎತ್ತಿಕೊಂಡರು.

ನಾಲ್ಕನೆಯ ದಿನ ಮೇಷ್ಟ್ರು ಕಡಿವಾಣ ಬದಲಿಸಿದರು, ಜೀನಿನ ಕೆಳಗಿನ ಕಂಬಳಿ ಬದಲಿಸಿದರು, ಜೀನು ಬಿಗಿಯುವ ಹೊಟ್ಟೆಪಟ್ಟಿಯನ್ನು ಒಂದು ತೂತು ಸಡಿಲಿಸಿದರು, ಕಾಳು ಕಡಿಮೆ ಮಾಡಿ ಒಣಹುಲ್ಲು ಹೆಚ್ಚು ಮಾಡಿದರು. ಏನು ಮಾಡಿದರೂ ಅಷ್ಟೇ. ಊಟದ ಮುಂದೆ ಕೂತು ಅನ್ನವನ್ನು ಬೆರಳಲ್ಲಿ ತಿರುವುತ್ತಿದ್ದರೇ ಹೊರತು ಬಾಯಿಗಿಡಲಿಲ್ಲ. ಊಟಕ್ಕಾಗಿ ಪ್ಯಾಂಟನ್ನೇ ಕೈಬಿಟ್ಟಿದ್ದ ಮನುಷ್ಯ ಹೀಗೆ ಕೂತಿದ್ದು ನೋಡಿ ಹೆಂಡತಿಗೆ ಗಾಬರಿಯಾಯಿತು.

"ಅತ್ತಿಗೆಗೆ ಫೋನ್ ಮಾಡಿ, ಇನ್ನೊಂದು ತಿಂಗಳು ಬಿಟ್ಟು ಬಾ ಅಂತ ಹೇಳಿದ್ರಾಯ್ತು."

"ಒಂದೇ ಸಲ ಹತ್ತಿ ನೋಡ್ತೀನಿ ಅಂದಿದ್ದಾಳೆ ಕಣೇ. ಮುಂದಕ್ಕೆ ಹಾಕಿದ್ರೆ ಅದನ್ನೇ ನೆಪ ಮಾಡ್ಕೊಂಡು ಹಸು ಮಾರಿಬಿಡ್ತಾಳೆ. ಈ ದೊರೆಯನ್ನ ಹೀಗೇ ಕೊಟ್ರೆ ಮತ್ತೆ ಬೀಳ್ತಾಳೆ." ಮೇಷ್ಟ್ರು ತಟ್ಟೆ ದೂರ ಸರಿಸಿದರು. ಅವರಿಗೆ ನಿಜಕ್ಕೂ ಭಯವಾಗಿತ್ತು.

ಐದನೆಯ ದಿನ ಬೆಳಗ್ಗೆ ಹಠಕ್ಕೆ ಬಿದ್ದು ದೊರೆಯನ್ನು ಓಡಿಸಿದರು. ಕುಕ್ಕುಲೋಟದಲ್ಲಿ ಮೇಷ್ಟ್ರ ಹೊಟ್ಟೆ ಒಂದು ತಾಳಕ್ಕೆ, ದೊರೆಯ ಬೆನ್ನು ಇನ್ನೊಂದು ತಾಳಕ್ಕೆ ಕುಣಿಯುತ್ತಿತ್ತು. ಆರು ಗುಂಡಿಗಳು ಎಷ್ಟೆಂದು ತಡೆದುಕೊಂಡಾವು? ಹಿಂದುಗಡೆಯ ಒಂದು ಗುಂಡಿ 'ಟಪ್' ಎಂದು ಹಾರಿತು. ಅದರ ಬೆನ್ನಿಗೇ ಇನ್ನೊಂದು. ಕೆಂಪು ಪಟ್ಟಿ ಮೇಷ್ಟ್ರ ತಲೆಯ ಮೇಲಿಂದ ಹಾರಿ ಮೂಗಿಗೆ ಬಡಿಯಿತು. ಪ್ಯಾಂಟು ಸರ್ರನೆ ಇಳಿಯತೊಡಗಿತು. ಮೇಷ್ಟ್ರ ಬಲಗೈ ತಾನಾಗಿಯೇ ಹಿಂದಕ್ಕೆ ಹೋಗಿ ಸೊಂಟದ ಪಟ್ಟಿ ಹಿಡಿದು ಮೇಲೆತ್ತಿತು.

ದೊರೆ ನಿಂತ. ಎರಡೇ ಹೆಜ್ಜೆ. ಹಿಂಗಾಲು ಹೊಟ್ಟೆಯಡಿಗೆ. ಅಷ್ಟು ಚೊಕ್ಕವಾಗಿ ನಿಂತನೆಂದರೆ, ನಿಲ್ಲುತ್ತಾನೆಂದು ಎಣಿಸದಿದ್ದ ಮೇಷ್ಟ್ರು ಮುಂದಕ್ಕೆ ಜಾರಿ ಅವನ ಕುತ್ತಿಗೆ ತಬ್ಬಿಕೊಂಡರು.

ಆಮೇಲೆ ನಿಧಾನವಾಗಿ ಎದ್ದು ಕೂತು, ಸುತ್ತ ನೋಡಿ, ದೊರೆಯನ್ನು ಮುಂದೆ ನಡೆಸಿ, ಉಸಿರು ಬಿಡದೆ, ಭಾರ ಹಾಕದೆ, ಬರೀ ಪ್ಯಾಂಟು ಎತ್ತಿದರು. ದೊರೆ ನಿಂತ. ಇನ್ನೊಂದು ಸಲ. ನಿಂತ. ಕೈ ಹಿಂದಕ್ಕೆ ಹೋದಾಗ ಬಲಭುಜ ಇಳಿಯುತ್ತದೆ, ಮೈಭಾರ ಬಲಗಡೆಗೆ ಹೊರಳುತ್ತದೆ. ಹದಿನಾಲ್ಕು ತಿಂಗಳಿಂದ ದೊರೆ ಕೇಳಿಸಿಕೊಂಡಿದ್ದು ಆ ಹೊರಳುವಿಕೆಯನ್ನು. ಹೊರಳಿತು, ನಿಂತ, ಮೇಷ್ಟ್ರು ಎಲ್ಲವನ್ನೂ ಸಡಿಲ ಬಿಟ್ಟರು, ಬಹುಮಾನ ಸಿಕ್ಕಿತು. ಪಾಠ ಅಲ್ಲಿಗೆ ಮುಗಿಯಿತು. ಆ 'ಹಾ' ಎಂಬುದು ಅವನ ಪಾಲಿಗೆ ಯಜಮಾನರ ಒಂದು ಕೆಟ್ಟ ಅಭ್ಯಾಸ, ಅಷ್ಟೇ.

ಬೇಲಿಯ ಮೇಲಿದ್ದ ಹೆಂಡತಿ ಬಟಾಣಿಯ ಬುಟ್ಟಿ ಕೆಳಗೆ ಬಿದ್ದದ್ದನ್ನೂ ಲೆಕ್ಕಿಸದೆ ನಗುತ್ತಿದ್ದಳು.

ಮೇಷ್ಟ್ರು ಒಳಗೆ ಹೋಗಿ ಬೆಟ್ಟದ ಕುರಿಯವನಿಗೆ ಫೋನ್ ಮಾಡಿದರು. ಆರು ವರ್ಷದ ಹಿಂದೆ ಇವರಿಂದ ಕುದುರೆ ತೆಗೆದುಕೊಂಡವನು, ಒಂದು ದಿನವೂ ದೂರು ಹೇಳದವನು.

"ಒಂದು ಮಾತು ಕೇಳ್ತೀನಿ, ನಗಬಾರದು. ಕುದುರೆ ನಿಲ್ಲಿಸಬೇಕು ಅಂದ್ರೆ ನೀನು ಏನು ಮಾಡ್ತೀಯಾ?"

"ಏನು ಮಾಡೋದು, ಪ್ಯಾಂಟು ಎತ್ತೋದು."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ಯಾರು ಹೇಳಿಕೊಟ್ರು ನಿನಗೆ?"

"ಇದೇನು ಹೀಗೆ ಕೇಳ್ತೀರಿ, ನೀವೇ ಅಲ್ವಾ? ಮೊದಲನೇ ದಿನ ತೋರಿಸುವಾಗ ಏಳು ಸಲ ನಿಲ್ಲಿಸಿದ್ರಿ, ಏಳು ಸಲವೂ ಎತ್ತಿದ್ರಿ. ಇದು ಮೇಷ್ಟ್ರ ಪದ್ಧತಿ ಅಂದ್ಕೊಂಡ್ವಿ. ನಮ್ಮ ಮನೆಯವಳೂ ಹಾಗೇ ಮಾಡ್ತಾಳೆ. ಅವಳ ಬಟ್ಟೆ ಜಾರೋದೇ ಇಲ್ಲ, ಆದ್ರೂ ಸೊಂಟಕ್ಕೆ ಕೈ ಹಾಕ್ತಾಳೆ. ಯಾಕೆ ಮೇಷ್ಟ್ರೇ, ಪದ್ಧತಿ ಏನಾದ್ರೂ ಬದಲಾಯಿತಾ?"

"ಇಲ್ಲ ಇಲ್ಲ, ಸುಮ್ಮನೆ ಕೇಳ್ದೆ" ಎಂದು ಫೋನ್ ಇಟ್ಟರು.

ಹಾಲಿನ ವ್ಯಾಪಾರಿ ನೆನಪಾದ. ಪಾಪ, ಎರಡು ಗಂಟೆ ಸ್ಟೂಲಿನ ಮೇಲೆ ಭಾರವಾಗಿ ಕೂತಿದ್ದ. ಮೇಷ್ಟ್ರಿಗೆ ಕಿವಿಯವರೆಗೂ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಬೇಲಿಯ ಹೊರಗೆ ನಿಂತವರಿಗೆಲ್ಲ, 'ನೀವು ಕಲಿಸಬೇಕು ಅಂದ್ಕೊಂಡಿದ್ದು ಒಂದು, ಅದು ಕಲಿತಿದ್ದು ಇನ್ನೊಂದು' ಎಂದು ಗಂಟಲು ಹರಿದುಕೊಂಡದ್ದು ತಾವೇ. ಏಣಿ ತಂದು ಹೆಬ್ಬಾಗಿಲಿಗೆ ಒರಗಿಸಿ, ಹತ್ತಿ, ಹಲಗೆಯ ಮೇಲೆ ಒಂದು ಗೋಣಿಚೀಲ ಹೊದಿಸಿದರು.

"ಹಲಗೆಗೆ ಚಳಿಯಾಯ್ತಾ?" ಎಂದಳು ಹೆಂಡತಿ. ಆದರೆ ಗಂಡನ ಮುಖ ನೋಡಿದ ಮೇಲೆ ಗುಂಡಿ ಹೊಲಿಯಲು ಕೂತಳು, ಈ ಸಲ ಎರಡೆಳೆ ದಾರದಲ್ಲಿ.

ಇನ್ನು ಉಳಿದದ್ದು ಮೂರು ದಿನ. ಮೇಷ್ಟ್ರು ಹೊಸ ಹುಡುಗನಂತೆ ಮೊದಲಿಂದ ಶುರು ಮಾಡಿದರು. ಹೆಗಲಪಟ್ಟಿ ಬಿಗಿಯಾಗಿ ಹಾಕಿಕೊಂಡು, ಬಲಗೈ ಅಲ್ಲಿ ಇಲ್ಲಿ ಹೋಗದಂತೆ ಅದರಲ್ಲಿ ತುಂಬಿದ ನೀರಿನ ಲೋಟ ಹಿಡಿದುಕೊಂಡರು. ನಡಿಗೆಯಲ್ಲಿ ಉಸಿರು ಬಿಡುವುದು, ಕೂರುವುದು, ಒಂದು ಕ್ಷಣ ಕಾಯುವುದು. ನಿಲ್ಲದಿದ್ದರೆ ಲಗಾಮನ್ನು ಒದ್ದೆ ಬಟ್ಟೆ ಹಿಂಡುವ ಹಾಗೆ ನಿಧಾನವಾಗಿ ಬಿಗಿಯುವುದು. ಗೊರಸು ನಿಂತ ಗಳಿಗೆಗೇ ಬೆರಳು ಬಿಚ್ಚುವುದು. ಮೊದಲನೆಯ ದಿನ ಲೋಟದ ನೀರೆಲ್ಲ ಪ್ಯಾಂಟಿನ ಮೇಲೆ. ಎರಡನೆಯ ದಿನ ಅರ್ಧ ಲೋಟ ಉಳಿಯಿತು. ನಡುನಡುವೆ ಲೋಟ ಬೇಲಿಯ ಕಂಬದ ಮೇಲಿಟ್ಟು, ಬೇಕೆಂದೇ ಸೊಂಟಕ್ಕೆ ಕೈ ಹಾಕಿ ಅದೇ ಹೊತ್ತಿಗೆ ಎರಡೂ ಕಾಲಿನಿಂದ ಒತ್ತಿ, 'ನಡಿ, ಇದಕ್ಕೆಲ್ಲ ನಿಲ್ಲಬಾರದು' ಎಂದು ಮುಂದೆ ತಳ್ಳುತ್ತಿದ್ದರು. ದೊರೆ ಕುತ್ತಿಗೆ ತಿರುಗಿಸಿ ಇವರನ್ನು ನೋಡುತ್ತಿದ್ದ. ಇಷ್ಟು ದಿನ ಸರಿಯಿದ್ದದ್ದು ಈಗ ಹೇಗೆ ತಪ್ಪಾಯಿತು ಎಂದು ಆ ಕಣ್ಣು ಕೇಳುತ್ತಿತ್ತು. ಮೇಷ್ಟ್ರು ಆ ಕಣ್ಣನ್ನು ತಪ್ಪಿಸಿ ಬೇರೆ ಕಡೆ ನೋಡುತ್ತಿದ್ದರು.

ಮೂರನೆಯ ದಿನದ ಹೊತ್ತಿಗೆ ದೊರೆ ಉಸಿರಿಗೆ ಮೂರು ಹೆಜ್ಜೆಯಲ್ಲಿ ನಿಂತ. ಸೊಂಟಕ್ಕೆ ಕೈ ಹೋದರೆ ನಿಲ್ಲುವುದನ್ನು ಬಿಟ್ಟ. ಹಳೆಯದು ಅಳಿಸಿಹೋಯಿತೆಂದು ಮೇಷ್ಟ್ರು ನಂಬಿದರು. ಹದಿನಾಲ್ಕು ತಿಂಗಳ ಪಾಠ ಮೂರು ದಿನದಲ್ಲಿ ಅಳಿಸುತ್ತದೆ ಎಂದು ಬೇರೆ ಯಾರಾದರೂ ಹೇಳಿದ್ದರೆ ಅವರನ್ನು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು.

ಅಕ್ಕ ಬಂದಳು. ಕೋಲು, ಹಳೆಯ ಕೋಟು, ಕತ್ತರಿಸಿದ ಬಿಳಿ ಕೂದಲು. ಬಂದವಳೇ ತಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಇದೇನೋ ಕೆಂಪು ಪಟ್ಟಿ? ಪಾರ್ಸೆಲ್ಲಾ?" ಎಂದಳು. ಹೆಬ್ಬಾಗಿಲ ನೆತ್ತಿ ನೋಡಿ, "ಹಲಗೆಗೆ ಯಾಕೆ ಗೋಣಿಚೀಲ?" ಎಂದೂ ಕೇಳಿದಳು. ಮೇಷ್ಟ್ರಿಗೆ ಆ ಪ್ರಶ್ನೆ ಕೇಳಿಸಲಿಲ್ಲವಂತೆ. ಲಾಳ ಕಟ್ಟುವವನು ಹೊಸ ಲಾಳಗಳ ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಬಂದು ಬೇಲಿಗೆ ಒರಗಿದ್ದ. ಹೆಂಡತಿ ತನ್ನ ಜಾಗದಲ್ಲಿ ಕೂತಳು, ಬಟಾಣಿ ಇಲ್ಲದೆ.

ಅಕ್ಕ ಕೋಲನ್ನು ಬೇಲಿಗೆ ಒರಗಿಸಿ ಮೆಟ್ಟಿಲುಕಲ್ಲು ಹತ್ತಿದಳು. ದೊರೆ ಕಂಬದಂತೆ ನಿಂತ. ಅವಳು ಮೂರು ಸಲ ಕಾಲೆತ್ತಿ ಮೂರು ಸಲ ಇಳಿಸಿ, ನಾಲ್ಕನೆಯ ಸಲ ಹತ್ತಿ ಕೂತಳು.

"ಒಂದು ಸುತ್ತು ನಡೆಸು ಅಕ್ಕ. ನಿಲ್ಲಿಸಬೇಕು ಅಂದ್ರೆ ಉಸಿರು ಬಿಡು, ಭಾರವಾಗಿ ಕೂತ್ಕೋ. ಅಷ್ಟೇ."

ದೊರೆ ನಡೆದ. ಅರ್ಧ ಸುತ್ತಿಗೇ ಅಕ್ಕನ ಮುಖ ಬಿಳಿಚಿಕೊಂಡಿತು. "ನಿಲ್ಲಿಸ್ತೀನಿ ಕಣೋ" ಎಂದಳು.

"ಉಸಿರು ಬಿಡು."

"ಬಿಡ್ತಾ ಇದ್ದೀನಿ!"

ಎಲ್ಲಿ ಬಿಡುತ್ತಿದ್ದಳು? ಉಸಿರು ಎದೆಯಲ್ಲೇ ಹೆಪ್ಪುಗಟ್ಟಿತ್ತು. ಭುಜ ಕಿವಿಗೆ ಹತ್ತಿತ್ತು. ಜೀನಿನಲ್ಲಿ ಕೂರುವ ಬದಲು ಅದರಿಂದ ಮೇಲೆದ್ದು ಹೋಗಲು ನೋಡುತ್ತಿದ್ದಳು. ಮೇಷ್ಟ್ರಿಗೆ ಆಗ ಹೊಳೆಯಿತು: ಉಸಿರು ಬಿಟ್ಟು ನಿಲ್ಲಿಸುವ ಪಾಠ ಹೆದರದವರಿಗೆ ಮಾತ್ರ. ಹೆದರಿದವರ ಹತ್ತಿರ ಬಿಡಲು ಉಸಿರೇ ಇರುವುದಿಲ್ಲ. ತಾವು ಮೂರು ದಿನ ಕಷ್ಟಪಟ್ಟು ಅಕ್ಕನ ಬೀಗಕ್ಕೆ ಹೊಂದದ ಕೀಲಿಕೈ ಮಾಡಿಕೊಟ್ಟಿದ್ದರು. ಅವರು ಓಡಿ ಹೋಗಿ ಕಡಿವಾಣ ಹಿಡಿಯಲು ಹೆಜ್ಜೆ ಎತ್ತಿದರು.

ಅಷ್ಟರಲ್ಲಿ ಪಕ್ಕದ ದೊಡ್ಡಿಯ ಕರುವೊಂದು ತಗಡಿನ ಬಕೆಟ್ಟಿಗೆ ತಲೆ ತೂರಿಸಿ, ತೆಗೆಯಲಾರದೆ, ಅದನ್ನು ಬೇಲಿಗೆ ಧಡಧಡ ಬಡಿಯಿತು. ಡಬ್ಬದ ಸದ್ದಿಗೆ ಪಳಗಿದ್ದರೂ ಬಕೆಟ್ ತಲೆಯ ಕರುವನ್ನು ಎಂದೂ ಕಂಡಿರದ ದೊರೆ ಮುಂದಕ್ಕೆ ಚಿಮ್ಮಿ ಕುಕ್ಕುಲೋಟಕ್ಕೆ ಬಿದ್ದ. ಅಕ್ಕ "ಅಯ್ಯೋ!" ಎಂದಳು. ಅವಳ ಬಲಗೈ ಎಲ್ಲವನ್ನೂ ಬಿಟ್ಟು, ಹಿಂದಕ್ಕೆ ಹೋಗಿ, ಸ್ಕ್ರೂ ಹಾಕಿದ ಸೊಂಟವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿತು.

ದೊರೆ ನಿಂತ. ಎರಡೇ ಹೆಜ್ಜೆ.

ಕರು ಇನ್ನೂ ಬಡಿಯುತ್ತಿತ್ತು. ದೊರೆ ಅದರ ಕಡೆ ಕಿವಿ ತಿರುಗಿಸಿದ, ಕಾಲು ಕದಲಿಸಲಿಲ್ಲ.

"ಇದೇನಿದು?" ಎಂದಳು ಅಕ್ಕ ಸಣ್ಣ ದನಿಯಲ್ಲಿ. ಹಿಮ್ಮಡಿ ತಾಗಿಸಿ ಮುಂದೆ ನಡೆಸಿದಳು, ಸೊಂಟ ಮುಟ್ಟಿದಳು. ನಿಂತ. ಮತ್ತೆ ನಡೆಸಿದಳು, ಮುಟ್ಟಿದಳು. ನಿಂತ. ಐದನೆಯ ಸಲಕ್ಕೆ ಅವಳ ಭುಜ ಕಿವಿಯಿಂದ ಇಳಿದು ತನ್ನ ಜಾಗಕ್ಕೆ ಬಂತು. ಎದೆಯಲ್ಲಿದ್ದ ಉಸಿರು ಹೊರಬಂತು. ಅದರ ಜೊತೆಗೇ ನಗು.

"ಅಲ್ಲ ಕಣೋ, ನನ್ನ ಸ್ಕ್ರೂಗೂ ಇವನಿಗೂ ವೈರ್ ಎಳೆದಿದ್ದೀಯಾ? ಬಿದ್ದಾಗಿನಿಂದ ಹೆದರಿಕೆ ಆದ ತಕ್ಷಣ ಕೈ ಅಲ್ಲಿಗೇ ಹೋಗುತ್ತೆ. ನಾನು ಯಾರಿಗೂ ಹೇಳಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

"ಮೇಷ್ಟ್ರು ಅಂದ್ರೆ ಸುಮ್ಮನೇನಾ?" ಎಂದ ಲಾಳ ಕಟ್ಟುವವನು, ಅದರಲ್ಲಿ ತನ್ನ ಲಾಳದ ಪಾಲೂ ಇದೆ ಎಂಬಂತೆ.

ಒಂದು 'ಹೂಂ' ಅಂದಿದ್ದರೆ ಸಾಕಿತ್ತು. ಮೇಷ್ಟ್ರ ಬಾಯಿ ತೆರೆಯಿತು ಕೂಡ. ಬೇಲಿಯ ಮೇಲೆ ಹೆಂಡತಿ ಹೆಬ್ಬಾಗಿಲ ಮೇಲಿನ ಗೋಣಿಚೀಲವನ್ನು ನೋಡುತ್ತ ಕೂತಿದ್ದಳು. ದೊರೆಯೂ ಅವರನ್ನೇ ನೋಡುತ್ತಿದ್ದ. ಮೂರು ದಿನ ತಪ್ಪು ತಪ್ಪು ಎಂದು ತಳ್ಳಿದ್ದನ್ನು ಅವನು ಯಾರ ಮಾತೂ ಕೇಳದೆ ಇಟ್ಟುಕೊಂಡಿದ್ದ.

"ನಾನು ಕಲಿಸಿಲ್ಲ ಅಕ್ಕ" ಎಂದರು ಮೇಷ್ಟ್ರು. "ನನ್ನ ಪ್ಯಾಂಟು ಕಲಿಸಿದ್ದು."

ಎಲ್ಲವನ್ನೂ ಹೇಳಿದರು. ಹೆಗಲಪಟ್ಟಿ, 'ಹಾ', ಹಾರಿದ ಗುಂಡಿ, ಕುರಿಯವನ ಫೋನು, ಸ್ಟೂಲಿನ ಹಾಲಿನವನು, ಯಾವುದನ್ನೂ ಬಿಡಲಿಲ್ಲ. ಲಾಳ ಕಟ್ಟುವವನು ನಗಬಾರದೆಂದು ಬೇಲಿಯ ಕಂಬವನ್ನು ಕಚ್ಚಿಕೊಂಡ. ಅಕ್ಕ ನಗುತ್ತ ನಗುತ್ತ ದೊರೆಯ ಜೂಲಿನಲ್ಲಿ ಮುಖ ಹುದುಗಿಸಿದಳು. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ಹಾಲಿನ ಗಾಡಿ ಕುದುರೆ ನೆನಪಿದೆಯೇನೋ?"

"ನೆನಪಿಲ್ಲದೆ ಏನು."

"ಅಪ್ಪನ ಪ್ಯಾಂಟು ಕತ್ತರಿಸಿ ನಿನಗೆ ಹಾಕ್ತಿದ್ದೆ. ದಾರ ಎಷ್ಟು ಬಿಗಿದರೂ ಜಾರೋದು. ಜಾರಿದ ತಕ್ಷಣ ನೀನು ಜೂಲು ಬಿಟ್ಟು ಎತ್ತಿಕೊಳ್ಳೋಕೆ ಹೋಗ್ತಿದ್ದೆ. ಎಲ್ಲಿ ಬಿದ್ದುಬಿಡ್ತೀಯೋ ಅಂತ ನಿನ್ನ ಕೈ ಸೊಂಟಕ್ಕೆ ಹೋಗೋದು ಕಂಡರೆ ಸಾಕು, ನಾನು ಕುದುರೆ ನಿಲ್ಲಿಸಿಬಿಡ್ತಿದ್ದೆ. ಎರಡು ವರ್ಷ, ದಿನಾ." ಅಕ್ಕ ಮೂಗು ಒರೆಸಿಕೊಂಡಳು. "ಪ್ಯಾಂಟಲ್ಲ ಕಣೋ. ನಿನಗೆ ಕಲಿಸಿದ್ದು ನಾನು."

ಮೇಷ್ಟ್ರು ದೊರೆಯ ಕುತ್ತಿಗೆಯನ್ನು ತಟ್ಟುತ್ತ ನಿಂತರು. ಅಕ್ಕ ಕಲಿಸಿದ ಆ ಅಭ್ಯಾಸಕ್ಕೆ ಇಷ್ಟು ವಯಸ್ಸಾಗಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

"ಸರಿ, ದಾರಿ ಬಿಡು. ಹೊರಗೆ ಹೋಗಿ ಬರ್ತೀವಿ" ಎಂದಳು ಅಕ್ಕ.

ಗೇಟಿನ ಪಕ್ಕಕ್ಕೆ ದೊರೆಯನ್ನು ಸರಿಸಿ, ಕೂತಲ್ಲಿಂದಲೇ ಅಗುಳಿ ತೆಗೆದು ಆಚೆ ನಡೆದಳು. ಹೆಬ್ಬಾಗಿಲ ಕೆಳಗೆ ಬಂದಾಗ ಸೊಂಟ ಮುಟ್ಟಿದಳು, ದೊರೆ ನಿಂತ. ಅಕ್ಕ ಲಗಾಮನ್ನು ಅವನ ಕುತ್ತಿಗೆಯ ಮೇಲೆ ಹಾಕಿ, ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತು, ಎರಡೂ ಕೈ ಮೇಲೆ ಚಾಚಿ ಗೋಣಿಚೀಲವನ್ನು ಕಿತ್ತು ಕೆಳಗೆಸೆದಳು. ಚೀಲ ದೊರೆಯ ಮೂಗಿನ ಮುಂದೆಯೇ ಹಾರಿ ಬಿತ್ತು. ಅವನು ಅದನ್ನು 'ಇಷ್ಟೇನಾ' ಎಂಬಂತೆ ನೋಡಿದ.

ಅಕ್ಕ ಕೂತು, ಕತ್ತೆತ್ತಿ ಓದಿದಳು. "ನಿಜಾನೇ ಬರೆದಿದ್ದೀಯಲ್ಲೋ, ಮುಚ್ಚಿದ್ದು ಯಾಕೆ?" ಎಂದು ಹೇಳಿ, ಉತ್ತರಕ್ಕೆ ಕಾಯದೆ ಹುಲ್ಲುಗಾವಲಿನ ದಾರಿ ಹಿಡಿದಳು. ತಿರುವಿನವರೆಗೂ ಅವಳ ಕೈ ಸೊಂಟದ ಕಡೆ ಹೋಗಲಿಲ್ಲ. ಕೋಲು ಬೇಲಿಗೆ ಒರಗಿದ್ದಲ್ಲೇ ಇತ್ತು, ಅದನ್ನು ಯಾರೂ ನೆನೆಸಿಕೊಳ್ಳಲೂ ಇಲ್ಲ.

ಮೇಷ್ಟ್ರು ಅವಳು ಮರೆಯಾಗುವವರೆಗೂ ನೋಡಿದರು. ಆಮೇಲೆ ಹೆಗಲಪಟ್ಟಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮಡಿಸಿ, ಹೆಂಡತಿಯ ಕೈಗೆ ಕೊಟ್ಟು, ಪ್ಯಾಂಟು ಎತ್ತಿಕೊಂಡರು.

"ಏಣಿ ಹೇಗೂ ಹೊರಗೇ ಇದೆ" ಎಂದಳು ಹೆಂಡತಿ. "ಸುಣ್ಣ ಕಲಸಿ ಇಟ್ಟಿದ್ದೀನಿ."